ಬೈಕಿಗೊಂದು ನ್ಯಾಯ, ಕ್ಯಾಮೆರಾಕ್ಕೊಂದು ನ್ಯಾಯ

ಬೈಕಿಗೆ ವಿಮೆ ಮಾಡಿಸಲು ಎಷ್ಟು ಹೊತ್ತು ಬೇಕು ಹೇಳಿ? ಮೊಬೈಲ್ ತೆಗೆದು, ಗಾಡಿ ನಂಬರ್ ಒತ್ತಿ, ದುಡ್ಡು ಕಟ್ಟಿದರೆ ಮುಗೀತು. ಚಹಾ ಆರುವುದರೊಳಗೆ ಪಾಲಿಸಿ ಕೈಯಲ್ಲಿರುತ್ತದೆ. ರೈಲು ಟಿಕೆಟ್ ಬುಕ್ ಮಾಡುವಾಗ ಒಂದು ಚೌಕದಲ್ಲಿ ಗುರುತು ಹಾಕಿದರೆ 45 ಪೈಸೆಗೆ 10 ಲಕ್ಷದ ಅಪಘಾತ ವಿಮೆ. ನಲವತ್ತೈದು ರೂಪಾಯಿ ಅಲ್ಲ ಸ್ವಾಮಿ, ಪೈಸೆ! ಅಷ್ಟು ಅಗ್ಗದಲ್ಲಿ ನನ್ನ ಪ್ರಾಣಕ್ಕೆ ಬೆಲೆ ಕಟ್ಟುವ ಈ ದೇಶದಲ್ಲಿ, ಅದೇ ಸೀಟಿನ ಕೆಳಗಿಟ್ಟ ನನ್ನ ಕ್ಯಾಮೆರಾ ಬ್ಯಾಗಿಗೆ ಒಂದು ನೆಟ್ಟಗಿನ ವಿಮೆ ಕೊಡಿ ಅಂತ ಕೇಳಿ ನೋಡಿ. ಚಂದ್ರಲೋಕದಲ್ಲಿ ಸೈಟು ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ.

ನಾನು ಹೇಳುತ್ತಿರುವುದು ಮದುವೆ ಸ್ಟುಡಿಯೋ ಇಟ್ಟವರ ಬಗ್ಗೆ ಅಲ್ಲ, ಗೋರೆಗಾಂವ್‌ನಲ್ಲಿ ಸಿನಿಮಾ ತೆಗೆಯುವವರ ಬಗ್ಗೆಯೂ ಅಲ್ಲ. ಅವರಿಗೆ ಅವರದೇ ದಾರಿಗಳಿವೆ. ನಾನು ಹೇಳುತ್ತಿರುವುದು ನಮ್ಮಂಥವರ ಬಗ್ಗೆ. ಡೊಂಬಿವಿಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಕಪಾಟಿನ ಮೇಲಿನ ಅರೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು, ಭಾನುವಾರ ಬೆಳಿಗ್ಗೆ ಥಾಣೆ ಖಾರಿಗೆ ಫ್ಲೆಮಿಂಗೋ ಹುಡುಕಿಕೊಂಡು ಹೋಗುವವರು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮದ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಇದ್ದರೆ ಕರೆಯದಿದ್ದರೂ ಹೋಗಿ, ಮೂಲೆಯಲ್ಲಿ ನಿಂತು, ಯಾರಿಗೂ ಅಡ್ಡ ಬರದ ಹಾಗೆ ಫೋಟೋ ತೆಗೆಯುವವರು. ಬಾಡಿ ಒಂದು ಬೋನಸ್ಸಿನಲ್ಲಿ, ಲೆನ್ಸ್ ಇನ್ನೊಂದು ಬೋನಸ್ಸಿನಲ್ಲಿ, ಟ್ರೈಪಾಡ್ ಕಂತಿನಲ್ಲಿ. ಎಲ್ಲ ಸೇರಿ ಲಕ್ಷ ದಾಟಿದ್ದು ನಮಗೇ ಗೊತ್ತಾಗಿರುವುದಿಲ್ಲ. ಮನೆಯಲ್ಲಿ ಹೆಂಡತಿಯ ಚಿನ್ನ ಬಿಟ್ಟರೆ ಅತಿ ಬೆಲೆಬಾಳುವ ವಸ್ತು ಅದೇ. ಚಿನ್ನವಾದರೆ ಲಾಕರಿನಲ್ಲಿರುತ್ತದೆ. ಕ್ಯಾಮೆರಾ ಲಾಕರಿನಲ್ಲಿಟ್ಟರೆ ಅದು ಕ್ಯಾಮೆರಾ ಅಲ್ಲ, ಇಟ್ಟಿಗೆ.

ಮೊನ್ನೆ ಮೊನ್ನೆ ಇದೇ ಕೆಲಸಕ್ಕೆ ಕೂತೆ. ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿಯ ಸಾಮಾನು, ಬಿಲ್ಲುಗಳಿವೆ, ಸೀರಿಯಲ್ ನಂಬರುಗಳಿವೆ. ವಿಮೆ ಕೊಡಿ ಅಂದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ. “ವ್ಯಾಪಾರಕ್ಕಾ, ಮನೆ ಬಳಕೆಗಾ?” ಮನೆ ಬಳಕೆಗೆ ಅಂದರೆ, “ಹಾಗಾದರೆ ಇಡೀ ಮನೆಯ ಸಾಮಾನಿಗೆ ಪಾಲಿಸಿ ಮಾಡಿಸಿ, ಅದರಲ್ಲಿ ಇದೂ ಸೇರುತ್ತೆ.” ಮನೆಯಿಂದ ಹೊರಗೆ ತಗೊಂಡು ಹೋದರೆ? “ಹೊರಗೆ ಹೋದರೆ ಸೇರಲ್ಲ.” ವ್ಯಾಪಾರಕ್ಕೆ ಅಂದರೆ, “ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿ ಇದೆ, ಸಂಸ್ಥೆಯ ಹೆಸರು ಹೇಳಿ, ಜಿಎಸ್‌ಟಿ ನಂಬರ್ ಹೇಳಿ.” ನನ್ನ ಸಂಸ್ಥೆ ಅಂದರೆ ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಅತ್ತ ದರಿ, ಇತ್ತ ಪುಲಿ.

ನಮ್ಮ ಕಡೆಯವರೇ ಒಬ್ಬ ಏಜೆಂಟರಿದ್ದಾರೆ, ಮೂವತ್ತು ವರ್ಷದಿಂದ ಪರಿಚಯ. ಅವರಿಗೆ ಫೋನ್ ಮಾಡಿದರೆ, “ನೀವೊಂದು ಮಾರಾಯ್ರೆ! ಕ್ಯಾಮೆರಾಕ್ಕೆಲ್ಲ ಯಾರು ಇನ್ಶೂರೆನ್ಸ್ ಮಾಡ್ತಾರೆ? ಮಗಳ ಹೆಸರಲ್ಲಿ ಒಂದು ಪಾಲಿಸಿ ಮಾಡುವ, ಮೆಡಿಕ್ಲೈಮ್ ಸ್ವಲ್ಪ ಜಾಸ್ತಿ ಮಾಡುವ. ಕ್ಯಾಮೆರಾವನ್ನು ದೇವರು ನೋಡಿಕೊಳ್ತಾನೆ” ಅಂದರು. ಅವರನ್ನು ಬೈದು ಪ್ರಯೋಜನ ಇಲ್ಲ. ಇದರಲ್ಲಿ ಅವರಿಗೆ ಸಿಗುವ ಕಮಿಷನ್ನಿನಲ್ಲಿ ಡೊಂಬಿವಿಲಿಯಿಂದ ಫೋರ್ಟಿಗೆ ಎರಡು ಸಲ ಓಡಾಡಿದ ಖರ್ಚೂ ಹುಟ್ಟುವುದಿಲ್ಲ. ಅವರು ಹೇಳಿದ್ದು ಸತ್ಯ. ಆ ಸತ್ಯವೇ ನನ್ನ ತಕರಾರು.

ಕೊನೆಗೆ ಒಂದು ಆಫೀಸಿನವರು “ಆಲ್ ರಿಸ್ಕ್” ಅಂತ ಒಂದು ದರ ಹೇಳಿದರು, ನೂರಕ್ಕೆ ಮೂರು. ಅಂದರೆ 4,800 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 864, ಒಟ್ಟು 5,664. ಸರಿ, ಕೊಡೋಣ ಅಂತಲೇ ಇದ್ದೆ. ಷರತ್ತಿನ ಹಾಳೆ ಕೊಡಿ ಅಂದೆ. ಹಾಳೆ ಬಂತು. “ಆಲ್ ರಿಸ್ಕ್” ಅಂದರೆ ಎಲ್ಲ ಅಪಾಯಗಳೂ ಅಂತ ತಾನೇ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟದ್ದು? ಈ ಹಾಳೆಯಲ್ಲಿ ಅಪಾಯಗಳಿಗಿಂತ ಹೊರಗಿಟ್ಟವುಗಳ ಪಟ್ಟಿಯೇ ಉದ್ದ. ನಿಲ್ಲಿಸಿದ ಗಾಡಿಯಲ್ಲಿ ಬಿಟ್ಟು ಹೋದರೆ ಇಲ್ಲ. ಹೇಗೆ ಕಾಣೆಯಾಯಿತು ಅಂತ ಹೇಳಲಾಗದಿದ್ದರೆ ಇಲ್ಲ. ತೇವ, ಬೂಷ್ಟು, ತುಕ್ಕು, ಸವೆತ ಇವುಗಳಿಗೆ ಇಲ್ಲ. ದುಡ್ಡು ತೆಗೆದುಕೊಂಡು ಫೋಟೋ ತೆಗೆದ ದಿನ ಏನಾದರೂ ಆದರೆ ಇಲ್ಲ. ಮುಂಬೈಯಲ್ಲಿ ನಾಲ್ಕು ತಿಂಗಳು ಮಳೆ ಬರುತ್ತದೆ. ಇಲ್ಲಿ ಲೆನ್ಸಿಗೆ ಮೊದಲ ಶತ್ರು ಕಳ್ಳನಲ್ಲ, ಬೂಷ್ಟು. ಇರಲಿ, ಬೂಷ್ಟು ನಿಧಾನಕ್ಕೆ ಬರುವ ರೋಗ, ಅದನ್ನು ನೋಡಿಕೊಳ್ಳುವುದು ಮಾಲೀಕನ ಕೆಲಸ ಅನ್ನೋಣ. ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿ ಮುಚ್ಚಿಡೋಣ. ಆದರೆ ಕಳ್ಳತನ?

ಇಲ್ಲಿಗೆ ಬಂದೆವು ನೋಡಿ, ಅಸಲು ವಿಷಯಕ್ಕೆ.

ಬಹುತೇಕ ಕಳ್ಳತನದ ಪಾಲಿಸಿಗಳಲ್ಲಿ ಒಂದು ಮಾತಿದೆ. ಕಳ್ಳ ಬಲ ಪ್ರಯೋಗಿಸಿ, ಹಿಂಸೆಯಿಂದ ಒಳನುಗ್ಗಿರಬೇಕು. ಬೀಗ ಒಡೆದಿರಬೇಕು, ಚಿಲಕ ಮುರಿದಿರಬೇಕು, ಇಲ್ಲವೇ ನಿಮ್ಮನ್ನು ಹೊಡೆದಿರಬೇಕು. 2004ರಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ವಿಮಾ ಕಂಪನಿ ಮತ್ತು ಒಬ್ಬ ವರ್ತಕರ ನಡುವಿನ ವ್ಯಾಜ್ಯದಲ್ಲಿ ಇದನ್ನೇ ಎತ್ತಿಹಿಡಿಯಿತು. ಪಾಲಿಸಿಯಲ್ಲಿ ಏನು ಬರೆದಿದೆಯೋ ಹಾಗೇ ಓದಬೇಕು, ಬಲ ಪ್ರಯೋಗ ಇಲ್ಲದ ಬರಿಯ ಕಳ್ಳತನ ಆ ಪಾಲಿಸಿಯಡಿ ಬರುವುದಿಲ್ಲ ಅಂತ. ಕೋರ್ಟಿನ ತಪ್ಪಲ್ಲ. ಬರೆದದ್ದನ್ನು ಓದಿದರು. ತಪ್ಪು ಬರೆದವರದು.

ಮುಂಬೈಯ ಕಳ್ಳ ಬಾಗಿಲು ಒಡೆಯುವುದಿಲ್ಲ ಸ್ವಾಮಿ. ಅವನು ಕುರ್ಲಾದಲ್ಲಿ ಹತ್ತಿ, ಘಾಟ್ಕೋಪರಿನಲ್ಲಿ ಇಳಿಯುವಷ್ಟರಲ್ಲಿ, ಮೈಗೆ ಮೈ ತಾಗಿಸಿಯೂ ತಾಗಿಸದ ಹಾಗೆ ಕೆಲಸ ಮುಗಿಸಿರುತ್ತಾನೆ. ಅವನಿಗೆ ಹಿಂಸೆ ಅಂದರೆ ಆಗದು, ಪರಮ ಅಹಿಂಸಾವಾದಿ. ಅಂದರೆ ಕಳ್ಳ ಒರಟನಾಗಿದ್ದರೆ ನಿಮಗೆ ಪರಿಹಾರ, ಸಭ್ಯನಾಗಿದ್ದರೆ ನಾಮ. ಕ್ಯಾಮೆರಾ ಕಳೆದುಕೊಳ್ಳುವಾಗ ನಾಲ್ಕು ಏಟನ್ನೂ ತಿಂದಿರಬೇಕು ಅನ್ನುವುದು ಯಾವ ಊರಿನ ನ್ಯಾಯ?

ತಮಾಷೆ ಅಲ್ಲ ಇದು. ನಮ್ಮ ಗೆಳೆಯರೊಬ್ಬರಿದ್ದಾರೆ, ನಾವೆಲ್ಲ ಮಾಸ್ಟ್ರು ಅಂತಲೇ ಕರೆಯುವುದು. ಹಗಲು ಕಾರಕೂನಿಕೆ ಮಾಡಿ, ಸಂಜೆ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೆ ಬಂದ ದುಡ್ಡಿನಲ್ಲಿ ಕ್ಯಾಮೆರಾ ತೆಗೆದುಕೊಂಡರು. ಮುಂಬೈಯಲ್ಲಿ ನಡೆಯುವ ಯಕ್ಷಗಾನಗಳಲ್ಲಿ ಅವರಿಲ್ಲದ್ದು ಕಡಿಮೆ. ಚೌಕಿಯಲ್ಲಿ ಬಣ್ಣ ಹಚ್ಚುವುದರಿಂದ ಹಿಡಿದು ಮಂಗಳದವರೆಗೂ ತೆಗೆಯುತ್ತಿದ್ದರು. ಯಾವ ವೇಷ, ಯಾರು ಮಾಡಿದ್ದು, ಯಾವ ಹಾಲು, ಯಾವ ತಾರೀಖು ಎಲ್ಲ ಬರೆದಿಡುತ್ತಿದ್ದರು. ಈಗ ಇಲ್ಲದ ಎಷ್ಟೋ ಹವ್ಯಾಸಿ ಕಲಾವಿದರ ಒಂದೇ ಒಂದು ಒಳ್ಳೆಯ ಫೋಟೋ ಅಂತ ಇದ್ದರೆ ಅದು ಮಾಸ್ಟ್ರು ತೆಗೆದದ್ದು. ಒಂದು ಸಲ ಊರಿಗೆ ಹೋಗುವಾಗ ರಾತ್ರಿ ರೈಲಿನಲ್ಲಿ ಬರ್ತಿನ ಕೆಳಗಿಟ್ಟ ಬ್ಯಾಗು ಬೆಳಿಗ್ಗೆ ಇಲ್ಲ. ಪೊಲೀಸ್ ದೂರು ಕೊಟ್ಟರು, ಎಫ್‌ಐಆರ್ ಆಯಿತು. ಪಾಲಿಸಿ ಇತ್ತು, ಕಂತು ಕಟ್ಟಿದ್ದರು, ಬಿಲ್ಲೂ ಇತ್ತು. ಎರಡು ತಿಂಗಳು ಓಡಾಡಿಸಿ ಉತ್ತರ ಬಂತು. “ಬಲ ಪ್ರಯೋಗದ ಪುರಾವೆ ಇಲ್ಲವಾದ್ದರಿಂದ ವಿಷಾದಿಸುತ್ತೇವೆ.”

ರೈಲ್ವೆಯವರನ್ನು ಕೇಳೋಣ ಅಂದರೆ 1989ರ ರೈಲ್ವೆ ಕಾಯ್ದೆಯ 100ನೇ ಕಲಮು ಅಡ್ಡ ಬರುತ್ತದೆ. ಬುಕ್ ಮಾಡಿ ರಸೀದಿ ಪಡೆಯದ, ಪ್ರಯಾಣಿಕ ತಾನೇ ಜೊತೆಗೆ ಒಯ್ಯುವ ಸಾಮಾನಿಗೆ, ರೈಲ್ವೆ ನೌಕರರ ನಿರ್ಲಕ್ಷ್ಯವೋ ದುರ್ನಡತೆಯೋ ಸಾಬೀತಾಗದೆ ರೈಲ್ವೆ ಹೊಣೆಯಲ್ಲ. 2023ರಲ್ಲಿ ಸುಪ್ರೀಂ ಕೋರ್ಟು, ಒಬ್ಬ ಪ್ರಯಾಣಿಕರ ಒಂದು ಲಕ್ಷ ರೂಪಾಯಿ ನಗದು ಕಳುವಾದ ಪ್ರಕರಣದಲ್ಲಿ, ಪ್ರಯಾಣಿಕ ತನ್ನ ಸಾಮಾನನ್ನು ತಾನೇ ಕಾಯ್ದುಕೊಳ್ಳಲಾಗದಿದ್ದರೆ ಅದು ರೈಲ್ವೆಯ ಸೇವೆಯ ಕೊರತೆ ಅಲ್ಲ ಅಂದಿದೆ. ಆ 45 ಪೈಸೆ ವಿಮೆ? ಅದು ಸಾವಿಗೆ, ಅಂಗಊನಕ್ಕೆ, ಆಸ್ಪತ್ರೆಗೆ. ಬ್ಯಾಗಿಗಲ್ಲ. ಅಲ್ಲಿಗೆ ಮೂರೂ ಬಾಗಿಲು ಮುಚ್ಚಿತು. ಮಾಸ್ಟ್ರು ಮತ್ತೆ ಕ್ಯಾಮೆರಾ ಕೊಳ್ಳಲಿಲ್ಲ. “ಇನ್ನು ಸಾಕು” ಅಂದರು. ಅವರು ಸಾಕು ಅಂದದ್ದರಿಂದ ನಷ್ಟ ಆದದ್ದು ಯಾರಿಗೆ ಅಂತ ಯೋಚಿಸಿ. ಈ ಊರಿಗೆ ಬಂದು ಮೂರು ತಲೆಮಾರು ಬದುಕಿದ ನಮ್ಮ ಜನರ ಫೋಟೋ ತೆಗೆಯಲು ಯಾವ ಸರ್ಕಾರವೂ ಬರುವುದಿಲ್ಲ, ಯಾವ ಪತ್ರಿಕೆಯೂ ಬರುವುದಿಲ್ಲ. ಇಂಥ ಹವ್ಯಾಸಿಗಳೇ ತೆಗೆಯಬೇಕು. ಅವರ ಕೈಯಲ್ಲಿರುವ ಒಂದೇ ಉಪಕರಣ ಹೋದರೆ ಮತ್ತೆ ಕೊಳ್ಳುವ ಶಕ್ತಿ ಇರುವುದಿಲ್ಲ. ವಿಮೆ ಬೇಕಾಗಿರುವುದು ಇಂಥವರಿಗೇ. ಹತ್ತು ಕ್ಯಾಮೆರಾ ಇಟ್ಟವನಿಗಲ್ಲ.

ಈಗ ಮನೆಯ ಪಾಲಿಸಿಯ ಕಥೆ ನೋಡೋಣ. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಕೊಡಲೇಬೇಕಾದ “ಭಾರತ್ ಗೃಹ ರಕ್ಷಾ” ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಒಳ್ಳೆಯ ಪಾಲಿಸಿಯೇ. ಬೆಂಕಿ, ಪ್ರವಾಹ, ಭೂಕಂಪ, ಸಿಡಿಲು, ನೀರಿನ ಟ್ಯಾಂಕ್ ಒಡೆಯುವುದು ಎಲ್ಲ ಇದೆ. 2005ರ ಜುಲೈ 26ನ್ನು ಕಂಡ ನಮಗೆ ಇದರ ಬೆಲೆ ಗೊತ್ತು. ಅವತ್ತು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಾಳಿಗೆಯಲ್ಲಿದ್ದವರ ಕಪಾಟುಗಳೆಲ್ಲ ತೇಲಿದ್ದವು. ಆದರೆ ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ಜಾಗ ಎಲ್ಲಿದೆ ಗೊತ್ತೇ? ಬೆಂಕಿಯೋ ಪ್ರವಾಹವೋ ಆದ ಮೇಲೆ, ಅದರ ಕಾರಣದಿಂದಲೇ, 7 ದಿನದೊಳಗೆ ಕಳ್ಳತನ ಆದರೆ ಮಾತ್ರ! ಅಂದರೆ ಮೊದಲು ಮನೆಗೆ ಬೆಂಕಿ ಬೀಳಬೇಕು, ಆಮೇಲೆ ಕಳ್ಳ ಬರಬೇಕು, ಅದೂ ವಾರದೊಳಗೆ. ಬೇರೆ ಕಳ್ಳತನಕ್ಕೆ ಬೇರೆ ಪಾಲಿಸಿ, ಮತ್ತೆ ಅದೇ ಬೀಗ ಒಡೆಯುವ ಷರತ್ತು. ಮನೆಯೊಳಗಿದ್ದರೆ ಮಾತ್ರ ರಕ್ಷಣೆ ಅನ್ನುವುದು, ಮನೆಯೊಳಗೆ ಬಿಚ್ಚಿಕೊಂಡರೆ ಮಾತ್ರ ಮಳೆ ತಡೆಯುವ ಛತ್ರಿ ಮಾರಿದ ಹಾಗೆ.

ಇನ್ನು ಅಂಗಡಿಯವರು ಕೌಂಟರಿನಲ್ಲಿ ಹಚ್ಚುವ “ಪ್ರೊಟೆಕ್ಷನ್ ಪ್ಲಾನ್.” ಬಿಲ್ ಮಾಡುವಾಗ ನಾಜೂಕಾಗಿ ಸೇರಿಸಿಬಿಡುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ವಿಮೆ ಅಲ್ಲ. ಯಂತ್ರ ತಾನಾಗಿ ಕೆಟ್ಟರೆ ರಿಪೇರಿ ಅಷ್ಟೇ. ಕೈಜಾರಿ ಬಿದ್ದರೆ, ನೀರಿಗೆ ಬಿದ್ದರೆ, ಕಳುವಾದರೆ ಅದಕ್ಕೆ ಸಂಬಂಧವೇ ಇಲ್ಲ. ಆಕಸ್ಮಿಕ ಹಾನಿಯ ಪ್ಲಾನುಗಳೂ ಇವೆ, ಆದರೆ ಅವು ಸಾಮಾನ್ಯವಾಗಿ ಹೊಸದಾಗಿ ಕೊಂಡ ವಸ್ತುವಿಗೆ, ಕೊಂಡ ಕೆಲವೇ ದಿನಗಳೊಳಗೆ. ನನ್ನ ಮೂರು ವರ್ಷದ ಲೆನ್ಸಿಗಲ್ಲ. ಇದರ ಹಿಂದಿರುವ ವಿಮಾ ಕಂಪನಿ ಯಾವುದು, ಪಾಲಿಸಿ ನಂಬರ್ ಎಷ್ಟು ಅಂತ ಕೌಂಟರಿನ ಹುಡುಗನನ್ನು ಕೇಳಿ ನೋಡಿ. ಪಾಪ, ಅವನು ಮ್ಯಾನೇಜರನ್ನು ಕರೆಯುತ್ತಾನೆ. ಮ್ಯಾನೇಜರು ನಗುತ್ತಾರೆ.

ಕಂಪನಿಗಳ ಕಡೆಯವರು ಹೇಳುವ ಸಮಜಾಯಿಷಿಗಳು ನನಗೆ ಗೊತ್ತಿಲ್ಲದ್ದೇನಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು, ಮೋಸ. ಕ್ಯಾಮೆರಾ ಮಾರಿಬಿಟ್ಟು ಕಳುವಾಯಿತು ಅಂತ ಸುಳ್ಳು ಹೇಳುತ್ತಾರೆ ಅನ್ನುವುದು. ಹೇಳುವವರು ಇರಬಹುದು. ಬೈಕು ಮಾರಿ ಸುಳ್ಳು ಹೇಳುವವರಿಲ್ಲವೇ? ಆದರೂ ಬೈಕಿಗೆ ವಿಮೆ ಇದೆ. ಯಾಕೆಂದರೆ ಬೈಕಿಗೆ ಚಾಸಿ ನಂಬರ್ ಇದೆ ಅನ್ನುತ್ತೀರಿ. ಕ್ಯಾಮೆರಾಕ್ಕೂ ಇದೆ ಸ್ವಾಮಿ! ಬಾಡಿಯ ಅಡಿಯಲ್ಲಿ ಸೀರಿಯಲ್ ನಂಬರ್ ಇರುತ್ತದೆ, ಲೆನ್ಸಿನ ಮೇಲೂ ಇರುತ್ತದೆ. ಅಷ್ಟೇ ಅಲ್ಲ, ಎಷ್ಟೋ ಕ್ಯಾಮೆರಾಗಳು ತೆಗೆದ ಪ್ರತಿ ಫೋಟೋದ ಕಡತದೊಳಗೂ ಆ ನಂಬರನ್ನು ಬರೆದಿಡುತ್ತವೆ. ಯಾವ ಬೈಕು ತಾನು ಹೋದ ದಾರಿಯಲ್ಲೆಲ್ಲ ಚಾಸಿ ನಂಬರ್ ಬರೆಯುತ್ತಾ ಹೋಗುತ್ತದೆ? ಕಳುವಾದ ಮೊಬೈಲನ್ನು ನಂಬರ್ ಕೊಟ್ಟು ನಿಷ್ಕ್ರಿಯ ಮಾಡುವ “ಸಂಚಾರ್ ಸಾಥಿ” ತಾಣವನ್ನು ಸರ್ಕಾರ 2023ರಲ್ಲಿ ತೆರೆಯಿತು. ವಿಮೆ ಮಾಡಿದ, ಪರಿಹಾರ ಕೊಟ್ಟ ಕ್ಯಾಮೆರಾಗಳ ನಂಬರಿನ ಒಂದು ಪಟ್ಟಿ ಇಟ್ಟುಕೊಂಡು, ಹಳೆ ಕ್ಯಾಮೆರಾ ಕೊಳ್ಳುವವರು ಅದನ್ನು ನೋಡುವ ಹಾಗೆ ಮಾಡುವುದು ಕಂಪನಿಗಳಿಗೆ ಅಸಾಧ್ಯವೇ?

ಎರಡನೆಯದು, ಬೆಲೆ ಕಟ್ಟುವುದು ಕಷ್ಟ ಅನ್ನುವುದು. ಎಲೆಕ್ಟ್ರಾನಿಕ್ ಸಾಮಾನು, ದಿನದಿನಕ್ಕೆ ಬೆಲೆ ಇಳಿಯುತ್ತದೆ. ನಿಜ. ಬೈಕಿನದೂ ಇಳಿಯುತ್ತದೆ. ಅದಕ್ಕೇ ಐಡಿವಿ ಅಂತ ಒಂದು ಲೆಕ್ಕ ಮಾಡಿಲ್ಲವೇ? ಆರು ತಿಂಗಳೊಳಗೆ ಶೇಕಡಾ 5, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಗಾಡಿ ಪೂರ್ತಿ ಹೋದರೆ ಎಷ್ಟು ಸಿಗುತ್ತದೆ ಅಂತ ಕಂತು ಕಟ್ಟುವ ದಿನವೇ ಗೊತ್ತು. ಕ್ಯಾಮೆರಾಕ್ಕೂ ಇಂಥದ್ದೇ ಒಂದು ಪಟ್ಟಿ ಮಾಡಿ. ಬಾಡಿಗೆ ಬೇಗ ಇಳಿಸಿ, ಲೆನ್ಸಿಗೆ ನಿಧಾನಕ್ಕೆ ಇಳಿಸಿ. ಒಳ್ಳೆಯ ಲೆನ್ಸು ಹತ್ತು ವರ್ಷ ಆದರೂ ಒಳ್ಳೆಯ ಲೆನ್ಸೇ, ಇದು ಹಳೆ ಕ್ಯಾಮೆರಾ ಮಾರುವ ಯಾವ ಅಂಗಡಿಯವನಿಗೂ ಗೊತ್ತು. ಈಗ ಆಗುತ್ತಿರುವುದೇನು? ಪೂರ್ತಿ ಮೊತ್ತಕ್ಕೆ ಕಂತು ತೆಗೆದುಕೊಳ್ಳುತ್ತಾರೆ, ಕ್ಲೈಮ್ ಬಂದಾಗ ಸರ್ವೇಯರ್ ಬಂದು ಸವಕಳಿ ಕಳೆಯುತ್ತಾರೆ. ತೆಗೆದುಕೊಳ್ಳುವಾಗ ಹೊಸದರ ಲೆಕ್ಕ, ಕೊಡುವಾಗ ಹಳೆಯದರ ಲೆಕ್ಕ.

ಕಡಿಮೆ ಮೊತ್ತಕ್ಕೆ ಮಾಡಿಸೋಣ ಅಂದರೆ ಅಲ್ಲೊಂದು ಗುಂಡಿ. “ಆವರೇಜ್” ಅನ್ನುವ ಷರತ್ತು. ಎರಡು ಲಕ್ಷದ ಸಾಮಾನಿಗೆ ಒಂದು ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದಿರಿ ಅನ್ನಿ. ಐವತ್ತು ಸಾವಿರದ ಲೆನ್ಸು ಒಡೆಯಿತು. ಒಂದು ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಅಂದುಕೊಂಡರೆ ಇಲ್ಲ. ನೀವು ಅರ್ಧಕ್ಕೆ ಮಾಡಿಸಿದ್ದೀರಿ, ಆದ್ದರಿಂದ ನಷ್ಟದ ಅರ್ಧ, ಇಪ್ಪತ್ತೈದು ಸಾವಿರ. ಅದರಲ್ಲಿ ನೀವೇ ಹೊರಬೇಕಾದ ಪಾಲು ಕಳೆದು, ಸವಕಳಿ ಕಳೆದು, ಉಳಿದದ್ದು ಪ್ರಸಾದ. ಭಾರತ್ ಗೃಹ ರಕ್ಷಾದಲ್ಲಿ ಈ ಆವರೇಜ್ ಲೆಕ್ಕವನ್ನು ತೆಗೆದುಹಾಕಿದ್ದಾರೆ. ಅಂದರೆ ಪ್ರಾಧಿಕಾರ ಮನಸ್ಸು ಮಾಡಿದರೆ ಆಗುತ್ತದೆ ಅಂತ ಆಯಿತು.

ಮೂರನೆಯದು, ಗಿರಾಕಿಗಳು ಕಡಿಮೆ ಅನ್ನುವುದು. ಇದು ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಕಥೆ. ಕೊಡುವುದೇ ಇಲ್ಲ, ಕೊಳ್ಳುವವರಿಲ್ಲ ಅನ್ನುತ್ತೀರಿ. ಅಮೆರಿಕದಲ್ಲಿ “ಪರ್ಸನಲ್ ಆರ್ಟಿಕಲ್ಸ್ ಫ್ಲೋಟರ್” ಅಂತ ಒಂದು ಹಳೆಯ ಏರ್ಪಾಡಿದೆ. ಆಭರಣ, ಪಿಟೀಲು, ಕ್ಯಾಮೆರಾ ಇವನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ, ಮನೆಯ ಒಳಗಾಗಲಿ ಹೊರಗಾಗಲಿ ರಕ್ಷಣೆ ಕೊಡುತ್ತಾರೆ. ಅಲ್ಲಿನ ವೃತ್ತಿಪರ ಛಾಯಾಗ್ರಾಹಕರ ಸಂಘವೊಂದು ಸದಸ್ಯತ್ವದ ಜೊತೆಗೇ ಉಪಕರಣದ ವಿಮೆ ಸೇರಿಸಿ ಕೊಡುತ್ತದೆ. ಅಮೆರಿಕದವರು ಮಾಡಿದ್ದನ್ನೆಲ್ಲ ನಾವು ಮಾಡಬೇಕು ಅಂತ ನನ್ನ ವಾದ ಅಲ್ಲ. ಆದರೆ “ಇಂಥದ್ದು ಆಗಲ್ಲ” ಅಂತ ಮಾತ್ರ ಹೇಳಬೇಡಿ.

ಸರ್ಕಾರದ ಅನುಮತಿ ಸಿಗುವುದು ಕಷ್ಟ ಅನ್ನುವ ನೆಪವೂ ಈಗಿಲ್ಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಗಿ ನಾಲ್ಕು ಸರ್ಕಾರಿ ಕಂಪನಿಗಳಾದವು. 2000ದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 2007ರ ಜನವರಿಯಿಂದ ಬಹುಪಾಲು ದರಗಳ ಮೇಲಿನ ಕಟ್ಟು ಹೋಯಿತು. 2022ರಲ್ಲಿ ಪ್ರಾಧಿಕಾರವು ಸಾಮಾನ್ಯ ವಿಮೆಯ ಬಹುತೇಕ ಪಾಲಿಸಿಗಳಿಗೆ “ಮೊದಲು ಮಾರಿ, ಆಮೇಲೆ ವಿವರ ಸಲ್ಲಿಸಿ” ಅನ್ನುವ ಸವಲತ್ತು ಕೊಟ್ಟಿತು. ಅದೇ ವರ್ಷ “2047ಕ್ಕೆ ಎಲ್ಲರಿಗೂ ವಿಮೆ” ಅನ್ನುವ ಗುರಿಯನ್ನೂ ಇಟ್ಟುಕೊಂಡಿತು. ಇಷ್ಟೆಲ್ಲ ಸ್ವಾತಂತ್ರ್ಯ ಸಿಕ್ಕಿ ಕಂಪನಿಗಳು ಮಾಡಿದ್ದೇನು? ಒಂದೇ ಬಗೆಯ ವಾಹನ ವಿಮೆ, ಒಂದೇ ಬಗೆಯ ಆರೋಗ್ಯ ವಿಮೆಗೆ ಬೇರೆ ಬೇರೆ ಬಣ್ಣದ ಜಾಹೀರಾತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ.

ತೆರಿಗೆಯ ಮಾತೂ ಬರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿ ತೆಗೆದರು. ತುಂಬಾ ಒಳ್ಳೆಯ ಕೆಲಸ. ಆದರೆ ಬಡವನ ಮನೆಯ ಸಾಮಾನಿನ ವಿಮೆಗೆ, ನನ್ನ ಕ್ಯಾಮೆರಾದ ವಿಮೆಗೆ 18 ಹಾಗೇ ಉಳಿಯಿತು. ಕ್ಯಾಮೆರಾ ಕೊಳ್ಳುವಾಗಲೂ 18 (2019ರ ಜನವರಿಗೆ ಮೊದಲು 28 ಇತ್ತು), ಕಾಪಾಡಿಕೊಳ್ಳುವಾಗಲೂ 18.

ಹಾಗಾದರೆ “ಕೈಗೆಟಕುವ ವಿಮೆ” ಅಂದರೆ ಏನು? ಎಲ್ಲರೂ ಕಂತಿನ ಮೊತ್ತವನ್ನೇ ನೋಡುತ್ತಾರೆ. ನನ್ನ ವಾದ ಬೇರೆ. ಕಂತು ಅಗ್ಗವಾಗಿದ್ದು ಕ್ಲೈಮ್ ಸಿಗದಿದ್ದರೆ ಅದಕ್ಕಿಂತ ದುಬಾರಿ ವಿಮೆ ಬೇರೆ ಇಲ್ಲ. ಮಾಸ್ಟ್ರು ಕಟ್ಟಿದ ಕಂತು ಬಹಳ ಅಗ್ಗದ್ದೇ ಆಗಿತ್ತು. ನನಗೆ ಹೇಳಿದ 5,664 ರೂಪಾಯಿ ದುಬಾರಿಯೇ? ರೈಲಿನ ಕಳ್ಳತನ, ಕೈಜಾರಿ ಬೀಳುವುದು, ನೀರು ಇವಿಷ್ಟೂ ಸೇರಿದ್ದರೆ ನಾನು ಸಂತೋಷದಿಂದ ಕೊಡುತ್ತಿದ್ದೆ. ಅವು ಯಾವುವೂ ನೆಟ್ಟಗೆ ಸೇರದಿದ್ದರೆ ಐನೂರು ರೂಪಾಯಿಯೂ ದಂಡವೇ.

ನಾವು ಕೇಳಬೇಕಾದದ್ದು ಇಷ್ಟು. ಒಂದು, ಮನೆಯ ಪಾಲಿಸಿಯ ಬಾಲ ಹಿಡಿಯದೆ, ಜಿಎಸ್‌ಟಿ ನಂಬರ್ ಕೇಳದೆ, ಒಬ್ಬ ವ್ಯಕ್ತಿಗೆ ಕ್ಯಾಮೆರಾ ವಿಮೆ. ಎರಡು, ಬೀಗ ಒಡೆಯದ ಕಳ್ಳತನವೂ ಕಳ್ಳತನವೇ ಅಂತ ಒಪ್ಪುವ ಬರವಣಿಗೆ. ಎಫ್‌ಐಆರ್ ಇದ್ದರೆ ಸಾಕು. ಮೂರು, ಕಂತು ಕಟ್ಟುವ ದಿನವೇ ಪರಿಹಾರದ ಮೊತ್ತ ನಿಗದಿ. ನಾಲ್ಕು, ವರ್ಷಕ್ಕೆ ಒಂದೋ ಎರಡೋ ಕಾರ್ಯಕ್ರಮಕ್ಕೆ ಸಣ್ಣ ಸಂಭಾವನೆ ತೆಗೆದುಕೊಂಡ ಹವ್ಯಾಸಿಯನ್ನು ವ್ಯಾಪಾರಿ ಅಂತ ಹೊರಹಾಕದಿರುವುದು. ಐದು, ಷರತ್ತುಗಳನ್ನು ಕನ್ನಡದಲ್ಲೋ ಮರಾಠಿಯಲ್ಲೋ, ಓದಿದರೆ ಅರ್ಥ ಆಗುವ ಹಾಗೆ ಒಂದು ಪುಟದಲ್ಲಿ. ಇದರಲ್ಲಿ ದಾನ ಯಾವುದೂ ಇಲ್ಲ. ದುಡ್ಡು ಕೊಟ್ಟು ಕೊಳ್ಳುತ್ತೇವೆ ಅಂತಲೇ ಹೇಳುತ್ತಿರುವುದು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬಿಲ್ಲುಗಳ, ಸೀರಿಯಲ್ ನಂಬರುಗಳ ಫೋಟೋ ತೆಗೆದು ಇಮೇಲಿನಲ್ಲಿ ನಿಮಗೇ ಕಳಿಸಿಟ್ಟುಕೊಳ್ಳಿ. ಪಾಲಿಸಿ ಕೊಳ್ಳುವ ಮೊದಲು, “ರೈಲಿನಲ್ಲಿ ಮಲಗಿರುವಾಗ ಬ್ಯಾಗು ಹೋದರೆ ಕೊಡುತ್ತೀರಾ?” ಅಂತ ಇದೇ ಮಾತಿನಲ್ಲಿ ಇಮೇಲ್ ಕಳಿಸಿ, ಉತ್ತರ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ “ಹೌದು ಸಾರ್” ಗಾಳಿಗೆ ಹೋಗುತ್ತದೆ. ಬಾಡಿ, ಲೆನ್ಸ್, ಫ್ಲಾಶ್ ಎಲ್ಲವನ್ನೂ ಒಟ್ಟು ಮೊತ್ತದಲ್ಲಿ ಅಲ್ಲ, ಬೇರೆ ಬೇರೆಯಾಗಿ ನಂಬರ್ ಸಮೇತ ಬರೆಸಿ. ಕಳುವಾದರೆ ಅವತ್ತೇ ಪೊಲೀಸರಿಗೂ ಕಂಪನಿಗೂ ತಿಳಿಸಿ. ದಾಖಲೆ ಸಾಲದು ಅನ್ನುವ ಒಂದೇ ಕಾರಣಕ್ಕೆ ಕ್ಲೈಮ್ ತಿರಸ್ಕರಿಸಬಾರದು ಅಂತ ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಿದೆ, ಅದನ್ನು ನೆನಪಿಸಿ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, “ಬಿಮಾ ಭರೋಸಾ” ತಾಣದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಬಾಗಿಲು ಇದೆಯೇ ಅಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ನಮ್ಮ ಸಂಘಗಳು ವರ್ಷ ವರ್ಷ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುತ್ತವೆ. ಎಲ್ಲ ಸನ್ಮಾನದ ಫೋಟೋ ತೆಗೆಯುವವನು ಒಬ್ಬ ಇರುತ್ತಾನೆ, ಅವನ ಫೋಟೋ ಯಾರೂ ತೆಗೆಯುವುದಿಲ್ಲ. ಒಂದು ವರ್ಷ ಶಾಲಿನ ಖರ್ಚು ಉಳಿಸಿ, ಊರಿನಲ್ಲಿರುವ ಹವ್ಯಾಸಿ ಛಾಯಾಗ್ರಾಹಕರ ಪಟ್ಟಿ ಮಾಡಿ, ಸಂಘದ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಕಂಪನಿಗಳಿಗೆ ಬರೆಯಬಾರದೇ? ಒಬ್ಬ ಕೇಳಿದರೆ ನಗುತ್ತಾರೆ. ಇನ್ನೂರು ಜನ ಸೇರಿ ಕೇಳಿದರೆ ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ. ವ್ಯಾಪಾರದ ಭಾಷೆ ಅದೇ, ಮುಂಬೈಯಲ್ಲಿ ಇಷ್ಟು ವರ್ಷ ಇದ್ದು ಅಷ್ಟೂ ಕಲಿಯದಿದ್ದರೆ ಹೇಗೆ?

ಹಾಗಾಗಿ ಮುಂದಿನ ಸಲ ಏಜೆಂಟರು ಮನೆಗೆ ಬಂದು ಮಗಳ ಮದುವೆ, ಮಗನ ಓದು ಅಂತ ಮಾತು ಶುರುಮಾಡಿದಾಗ, ಕಪಾಟಿನ ಮೇಲಿನ ಬ್ಯಾಗನ್ನು ಇಳಿಸಿ ಅವರ ಎದುರಿಗಿಟ್ಟು, “ಇದಕ್ಕೇನು ಕೊಡ್ತೀರಿ, ಅದನ್ನು ಮೊದಲು ಹೇಳಿ” ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ಮಾತನ್ನೇ ಆಫೀಸಿಗೆ ಬರೆದು ತಿಳಿಸಲು ಹೇಳಿ. ಕೇಳುವವರು ಹೆಚ್ಚಾಗದೆ ಕೊಡುವವರು ಹುಟ್ಟುವುದಿಲ್ಲ. ಏನಂತೀರಿ?